ಹಸುವಿನ ಮೆಚ್ಚಿನ ಹಾಡು

ಪುಕ್ಕಟೆ ಹಾಡಿಗೂ ಬೆಲೆಯಿದೆ. ಎರಡು ಹಾಡು ಕೇಳಬೇಕಾದರೆ ನಡುವೆ ಒಡವೆ ಅಂಗಡಿಯ ಜಾಹೀರಾತು ಕೇಳಬೇಕು. ಸಾಲದ್ದಕ್ಕೆ ನಾವು ಯಾವ ಹೊತ್ತಿನಲ್ಲಿ ಏನು ಕೇಳಿದೆವೆಂದು ಫೋನಿನ ಹಾಡಿನ ಆಪ್ ಗುರುತಿಟ್ಟುಕೊಳ್ಳುತ್ತದೆ. ಮಧುಗಿರಿ ಸೀಮೆಯ ಬೊಮ್ಮಪ್ಪನಿಗೆ ಇದು ತಿಳಿದದ್ದು ಧನುರ್ಮಾಸದ ಒಂದು ಬೆಳಿಗ್ಗೆ, ಊರವರ ಎದುರಿಗೆ.

ಅಂದು ಭಜನೆ ಮಂಡಳಿಗೆ ಹೊಸ ಮುಖ್ಯಸ್ಥನನ್ನು ಆರಿಸಬೇಕಿತ್ತು. ಎಷ್ಟೋ ವರ್ಷ ಹಿಂದಿನ ಸಾಲಿನಲ್ಲಿ ತಾಳ ಹಾಕಿದ್ದ ಬೊಮ್ಮಪ್ಪನಿಗೆ ಈ ಸಲ ಆ ಸ್ಥಾನ ತನ್ನದೇ ಎಂಬ ಧೈರ್ಯ. ಹೊಸ ಕೀರ್ತನೆಯ ಧಾಟಿ ಕೇಳಿಸಲು ಫೋನನ್ನು ಗುಡಿಯ ಸ್ಪೀಕರಿಗೆ ಜೋಡಿಸಿದ. ಕೀರ್ತನೆ ಮುಗಿಯಿತು. ಆಪ್ ಸುಮ್ಮನಿರದೆ, 'ನಿಮ್ಮ ಮೆಚ್ಚಿನವು' ಎಂದು ತಾನೇ ಮುಂದಿನದನ್ನು ಹಾಕಿತು. ಸೊಂಟ ಕುಣಿಸುವ ಹಾಡು ಹಗ್ಗ ಹರಿದ ಗೂಳಿಯಂತೆ ಗುಡಿಯೊಳಗೆ ನುಗ್ಗಿತು.

ಮುಖ್ಯಸ್ಥಿಕೆಗೆ ತಾನೂ ಆಸೆಪಟ್ಟಿದ್ದ ಚಂದ್ರಶೇಖರಯ್ಯ ಫೋನು ಕಿತ್ತುಕೊಂಡು ಕನ್ನಡಕ ಏರಿಸಿದರು.

"ದಿನಾ ಎರಡೊತ್ತೂ ಇದನ್ನೇ ಕೇಳಿದೀಯಲ್ಲೋ ಬೊಮ್ಮ. ಭಜನೆಗೆ ಬರೋದು ಕುಣಿದ ಬೆವರು ಆರಿಸ್ಕೊಳ್ಳಾಕಾ?"

ಬೊಮ್ಮಪ್ಪ ಎಳೆ ಹುಣಸೆಕಾಯಿ ಕಚ್ಚಿದವನಂತಾದ. "ನಾನಲ್ಲ ಕಣಣ್ಣ, ನಮ್ಮ ಹಸ. ಈ ಹಾಡು ಹಾಕ್ದಿದ್ರೆ ಹಾಲು ಕೊಡಲ್ಲ ಅಂತ ನಮ್ಮೋಳು ಕೊಟ್ಟಿಗೆಗೆ ಫೋನ್ ತಗೊಂಡೋಯ್ತಾಳೆ."

ಭಜನೆಯವರೆಲ್ಲ ಎದ್ದು ಪರೀಕ್ಷೆಗೆಂದು ಅವನ ಕೊಟ್ಟಿಗೆಗೆ ಹೊರಟರು. ಹೆಂಡತಿ ಪಟಾಲಮ್ಮ ಬಕೆಟ್ ಹಿಡಿದು ಕರೆಯಲು ಕೂತಳು. ಕೀರ್ತನೆ ಹಾಕಿದರು, ನಾಲ್ಕು ಹನಿ ಬಿತ್ತು. ಕುಣಿತದ ಹಾಡು ಹಾಕಿದರು. ಸೊರ್ ಸೊರ್ ಎಂದು ಹಾಲು ಇಳಿದು ನೊರೆ ಅಂಚಿಗೇರಿತು. ಚಂದ್ರಶೇಖರಯ್ಯ ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡರು. ಸಗಣಿ ತುಳಿದುಕೊಂಡು ನಿಂತಲ್ಲೇ ಎಲ್ಲರೂ ಬೊಮ್ಮಪ್ಪನನ್ನು ಮುಖ್ಯಸ್ಥನೆಂದು ಒಪ್ಪಿದರು. ಯಾರೋ ಹಸುವಿಗೂ ಹಾರ ಹಾಕಿದರು. ಅದು ಹಾರವನ್ನು ತಿಂದಿತು.

ಸಂಜೆ ಪಟಾಲಮ್ಮ ಕೊರಟಗೆರೆ ಸಂತೆಯಿಂದ ಬರುವುದು ತಡವಾಯಿತು. ಬೊಮ್ಮಪ್ಪನೇ ಕರೆಯಲು ಕೂತ. ಫೋನಿನಲ್ಲಿ ಚಾರ್ಜ್ ಇರಲಿಲ್ಲ. ಅಳುಕುತ್ತಲೇ ಕೈ ಹಾಕಿದ. ಹಸು ಮೆಲುಕು ಹಾಕುತ್ತ ಬಕೆಟ್ ತುಂಬಿಸಿತು.

ಅಷ್ಟರಲ್ಲಿ ಪಟಾಲಮ್ಮ ಬಂದಳು.

"ಹಾಡಿಲ್ದೇನೂ ಕೊಡ್ತಲ್ಲೇ. ಬೆಳಿಗ್ಗೆ ಏನಾಗಿತ್ತು?" ಎಂದ ಬೊಮ್ಮಪ್ಪ.

"ಬೆಳಿಗ್ಗೆ ನಾನು ಸರಿಯಾಗಿ ಎಳೀಲಿಲ್ಲ, ಅದು ಕೊಡ್ಲಿಲ್ಲ," ಎನ್ನುತ್ತ ಅವಳು ಫೋನನ್ನು ಚಾರ್ಜಿಗೆ ಹಾಕಿದಳು. "ಕರೆಯೋಳ್ಗೂ ಒಂದು ಹಾಡು ಬೇಕಲ್ವಾ? ಬೇಕಾದ್ರೆ ಊರೋರ್ಗೆ ಹೇಳ್ಬುಟ್ಟು ಬನ್ನಿ."

ಬೊಮ್ಮಪ್ಪ ಹೇಳಲಿಲ್ಲ. ಭಜನೆಯ ಮುಖ್ಯಸ್ಥಿಕೆ ಅವನಿಗೆ ಉಳಿಯಿತು. ಫೋನು ಎರಡು ಹೊತ್ತೂ ಪಟಾಲಮ್ಮನ ಪಾಲಾಯಿತು.