ಕಾಲುಂಗುರಕ್ಕೆ ತಕ್ಕ ಪಕ್ಕಡ

ನಮ್ಮ ಸೋದರಮಾವನ ಪ್ರಕಾರ ಮನುಷ್ಯ ಮಾಡಬಹುದಾದ ಅತಿ ದೊಡ್ಡ ಪಾಪ ಯಾವುದು ಗೊತ್ತೇ? ತಾಮ್ರದ ವಾಯರ್ ಕತ್ತರಿಸುವ ಪಕ್ಕಡದಿಂದ ಬೇಲಿಯ ತಂತಿ ಕತ್ತರಿಸುವುದು. ಸುಳ್ಳು, ಕಳವು, ಚಾಡಿ ಇವೆಲ್ಲ ಅದರ ಕೆಳಗೆ ಬರುತ್ತವೆ, ಅದೂ ಬಹಳ ಕೆಳಗೆ. ಇನ್ನು ವಾಯರನ್ನು ಹಲ್ಲಿನಿಂದ ಕಚ್ಚಿ ಸುಲಿಯುವವರಿಗೆ ನರಕದಲ್ಲೂ ಜಾಗ ಕೊಡಬಾರದು ಎಂಬುದು ಅವರ ಅಭಿಪ್ರಾಯ. ಮೊದಲನೆಯ ಪಾಪವನ್ನು ನಾನು ಒಮ್ಮೆ ಮಾಡಿದ್ದೇನೆ. ಎರಡನೆಯದನ್ನು ಮಾಡಿಲ್ಲ. ಅದು ಧರ್ಮಬುದ್ಧಿಯಿಂದಲ್ಲ, ಹಲ್ಲು ಬಿದ್ದೀತು ಎಂಬ ಹೆದರಿಕೆಯಿಂದ.

ಹೆದರುವುದು ನನ್ನ ಕಾಯಂ ಉದ್ಯೋಗ. ಸವಣೂರಿನ ಶಾಲೆಯಲ್ಲಿ ಅಕ್ಕೋರಾಗಿ ಮಕ್ಕಳಿಗೆ ಮಗ್ಗಿ ಹೇಳಿಕೊಡುವುದು ಬರೀ ಹೊಟ್ಟೆಪಾಡಿಗೆ. ಗ್ಯಾಸು ಬಂದ್ ಮಾಡಿದೆನೋ ಇಲ್ಲವೋ, ಬಾಗಿಲು ಹಾಕಿದೆನೋ ಇಲ್ಲವೋ, ಇವತ್ತು ಏನೂ ಚಿಂತೆ ಇಲ್ಲವಲ್ಲ, ಏನೋ ಮರೆತಿರಬೇಕಲ್ಲ, ಹೀಗೆ ದಿನ ಕಳೆಯುತ್ತದೆ. ಮಾಮಾ ಹಾಗಲ್ಲ. ಬಂಕಾಪುರದಲ್ಲಿದ್ದುಕೊಂಡು ಹಾನಗಲ್ಲು, ಶಿಗ್ಗಾವಿ, ಹಿರೇಕೆರೂರುಗಳ ಹೊಲಹೊಲ ತಿರುಗಿ ಬೋರಿಗೆ ಮೋಟರ್ ಇಳಿಸಿದವರು, ಕೇಬಲ್ ಜೋಡಿಸಿದವರು, ಮನೆಗಳಿಗೆ ಪತ್ರಾಸ್ ತಗಡು ಹೊದಿಸಿದವರು. ಎಪ್ಪತ್ತು ದಾಟಿದ ಮೇಲೆ ಕೆಲಸ ಬಿಟ್ಟರು. ಹತಿಯಾರ ಆರಿಸುವುದನ್ನು ಮಾತ್ರ ಬಿಡಲಿಲ್ಲ. ಕನ್ಯಾ ನೋಡಲು ಹೋಗುವಾಗ ಹಿರಿಯರನ್ನು ಕರೆದೊಯ್ಯುತ್ತಾರಲ್ಲ, ಹಾಗೆ ಸುತ್ತಿನ ಊರುಗಳವರು ಪಕ್ಕಡ ಕೊಳ್ಳುವಾಗ ಮಾಮಾನನ್ನು ಕರೆದೊಯ್ಯುತ್ತಾರೆ. ವ್ಯತ್ಯಾಸ ಇಷ್ಟೇ, ಕನ್ಯಾ ನೋಡುವುದು ಒಂದು ತಾಸಿನಲ್ಲಿ ಮುಗಿಯುತ್ತದೆ.

ಒಮ್ಮೆ ನಾನೂ ಕರೆದೊಯ್ದೆ. ನನ್ನ ಗ್ರಹಚಾರ!

"ಮಾಮಾ, ಮನ್ಯಾಗ ಒಂದು ಪಕ್ಕಡ ಇರ್ಲಿ ಅಂತ," ಎಂದಿದ್ದೆ.

"ಏನು ಕತ್ತರಿಸ್ತಿ?"

"ಏನರ ಒಂದು."

"ಏನರ ಅನ್ನೂದು ಯಾವ ಲೋಹ ಯವ್ವಾ?"

ಹಾನಗಲ್ಲಿನ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಮಾಮಾ ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತರು. ಒಂದೊಂದು ಪಕ್ಕಡವನ್ನೂ ಬಾಯಿ ಮುಚ್ಚಿಸಿ ಸೂರ್ಯನಿಗೆ ಹಿಡಿದರು. ಹಲ್ಲುಗಳ ನಡುವೆ ಬೆಳಕು ಹಾಯ್ದರೆ ಅದು ನಪಾಸು. ಬೆಳಕು ಹಾಯದಿದ್ದರೆ ಕಿವಿಯ ಹತ್ತಿರ ಹಿಡಿದು ತೆರೆದು ಮುಚ್ಚಿ ಅದು ಏನನ್ನುತ್ತದೆ ಎಂದು ಕೇಳಿದರು. ಅಂಗಡಿಯವನು ಇನ್ನೂ ಓದಿರದ ಪೇಪರಿನ ಅಂಚನ್ನು ಕತ್ತರಿಸಿದರು. ಕೊನೆಗೆ ನನ್ನ ಕೈಗಿಟ್ಟು "ಹಿಚಕು" ಎಂದರು. ಹಿಚುಕಿದೆ. "ಕೈ ಸಣ್ಣದು. ಪಕ್ಕಡ ಕೈಗೆ ಹೊಂದಬೇಕು, ಕಣ್ಣಿಗಲ್ಲ," ಎಂದು ಪಕ್ಕಕ್ಕಿಟ್ಟರು. ಹಾಗೆ ಪಕ್ಕಕ್ಕಿಟ್ಟವುಗಳ ರಾಶಿ ಅವರ ಮೊಣಕಾಲಿನ ಎತ್ತರಕ್ಕೆ ಬಂತು.

ಅಷ್ಟರಲ್ಲಿ ಮಾಸೂರಿನ ರೈತರೊಬ್ಬರು ಬಂದು ಗರಗಸದ ಬ್ಲೇಡು ಕೇಳಿದರು. ಮೋಟರಿನ ಕೇಬಲ್ ಕತ್ತರಿಸಬೇಕಿತ್ತಂತೆ. ಮಾಮಾ ಎದ್ದೇ ನಿಂತರು.

"ಗರಗಸಲೆ ಕೇಬಲ್ ಕೊಯ್ದರ ಎಳಿ ಎಲ್ಲಾ ಕೆದರತಾವ್ರಿ. ಬಾಯಿ ಬಾಗಿದ ಕಟರ್ ಬೇಕು. ಅದು ಕೇಬಲ್‌ನ ತಬ್ಬಿಕೊಂಡು ಕತ್ತರಸತೈತಿ. ಎಲ್ಲಿ, ನಿಮ್ಮ ಕೈ ಕೊಡ್ರಿ."

ರೈತರು ಬ್ಲೇಡಿಗೆ ಬಂದವರು ಕೇಬಲ್ ಕಟರ್ ಕೊಂಡು ಹೋದರು. ಮೂರು ತಾಸಿನಲ್ಲಿ ಹೀಗೆ ಐದಾರು ಜನ ತಮಗೆ ಬೇಕಾದದ್ದನ್ನು ಬಿಟ್ಟು ಮಾಮಾ ಹೇಳಿದ್ದನ್ನು ಕೊಂಡರು. ನನಗೆ ಮಾತ್ರ ಏನೂ ಒಪ್ಪಿಗೆಯಾಗಲಿಲ್ಲ. ಹೊರಡುವಾಗ ಅಂಗಡಿಯವನು ನನ್ನನ್ನು ಪಕ್ಕಕ್ಕೆ ಕರೆದು, "ಅಕ್ಕಾರ, ಇವರ್ನ ಇಲ್ಲೇ ಬಿಟ್ಟು ಹೋಗ್ರಿ, ಪಗಾರ ಕೊಟ್ಟು ಇಟ್ಕೋತೇನಿ. ಗಿರಾಕಿ ಮಾಡಿ ಕರಕೊಂಡು ಬರೂದಿದ್ರ ಮಾತ್ರ ಒಂದಿನ ಮೊದಲ ತಿಳಸ್ರಿ. ನಾ ಊರಾಗ ಇರೂದಿಲ್ಲ," ಎಂದ.

ಮಾಮಾನ ಅಂಗಿಯ ಕಿಸೆಯ ವಿಷಯ ಹೇಳದಿದ್ದರೆ ಅನ್ಯಾಯವಾದೀತು. ಹೊಸ ಹತಿಯಾರಗಳ ಪರೀಕ್ಷೆಗೆಂದು ಅದರಲ್ಲಿ ಸದಾ ಒಂದು ತುಂಡು ತಾಮ್ರದ ಕೇಬಲ್, ಒಂದು ತುಂಡು ಬೇಲಿ ತಂತಿ, ಕಟ್ಟುವ ತಂತಿ, ಅಂಗೈಯಷ್ಟು ತಗಡು ಇರುತ್ತವೆ. ನಾವಿಬ್ಬರೂ ಯಲವಿಗಿಯಲ್ಲಿ ರೈಲು ಹತ್ತಿ ಹುಬ್ಬಳ್ಳಿಗೆ ಹೋಗುತ್ತಿದ್ದಾಗ ಒಂದು ಸಲ ಕನ್ನಡಕ ತೆಗೆಯಲು ಕಿಸೆಗೆ ಕೈ ಹಾಕಿದರು. ಕೇಬಲ್ ತುಂಡು ಜಿಗಿದು ಎದುರು ಸೀಟಿನಲ್ಲಿದ್ದ ಪೊಲೀಸಪ್ಪನ ಬೂಟಿನ ಮೇಲೆ ಬಿತ್ತು. ಹೊಲಗಳಲ್ಲಿ ಮೋಟರ್ ಕೇಬಲ್ ಕಳುವಾಗುತ್ತಿದ್ದ ದಿನಗಳು ಅವು.

"ಯಜಮಾನ್ರ, ಎಲ್ಲಿದು ಇದು?"

"ನಾನ ಕತ್ತರಿಸೇನಿ," ಎಂದರು ಮಾಮಾ.

ನಾನು ಜಾಮೀನಿಗೆ ಯಾರನ್ನು ಕೇಳುವುದೆಂದು ಆಗಲೇ ಯೋಚಿಸತೊಡಗಿದ್ದೆ.

"ಎದರಲೆ ಕತ್ತರಿಸಿದ್ರಿ? ಗರಗಸಲೇನು?"

ಮಾಮಾನ ಮುಖ ಕೆಂಪೇರಿತು. ಕಳ್ಳನೆಂದು ಅನುಮಾನಿಸಿದ್ದಕ್ಕೆ ಅವರ ತಕರಾರಿರಲಿಲ್ಲ. ಗರಗಸ ಎಂದದ್ದು ನಾಟಿತು.

"ತುದಿ ನೋಡ್ರಿ ಸಾಹೇಬ್ರ. ಬಾಳಿದಿಂಡು ಕಡದಂಗೈತಿ. ಗರಗಸದ್ದು ಹಿಂಗ ಇರತೈತೇನು? ಕಳ್ಳರದೂ ಹಿಂಗ ಇರೂದಿಲ್ಲ. ಅವರಿಗೆ ಅವಸರ. ಸಿಕ್ಕಿದ್ದು ತಗೊಂಡು ಜಜ್ಜಿರ್ತಾರ."

ಹುಬ್ಬಳ್ಳಿ ಬರುವಷ್ಟರಲ್ಲಿ ಪೊಲೀಸಪ್ಪ ತಮ್ಮ ಮನೆಗೆ ಯಾವ ಕಟರ್ ಒಳ್ಳೆಯದೆಂದು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದರು.

ಇನ್ನು ನನ್ನ ಪಾಪದ ಕಥೆ. ದೀಪಾವಳಿಗೆ ಬಂಕಾಪುರಕ್ಕೆ ಹೋದಾಗ ಆಕಾಶಬುಟ್ಟಿ ತೂಗುಹಾಕಲು ತಂತಿ ಬೇಕಾಯಿತು. ಕೈಗೆ ಸಿಕ್ಕ ಪಕ್ಕಡದಿಂದ ಬೇಲಿ ತಂತಿಯನ್ನು ಕಟ್ ಎನಿಸಿದೆ. ಮಾಮಾ ಬಂದು ಪಕ್ಕಡವನ್ನು ಸೂರ್ಯನಿಗೆ ಹಿಡಿದರು. ಸಾಸಿವೆ ಕಾಳಿನಷ್ಟು ಬೆಳಕು ಹಾಯಿತು. ಬಿಳಿ ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟರು. ಮಧ್ಯಾಹ್ನ ಎರಡನೇ ಹೋಳಿಗೆ ಬೇಡವೆಂದರು. ಮಾಮಾ ಎರಡನೇ ಹೋಳಿಗೆ ಬೇಡವೆಂದರೆ ಮನೆಯಲ್ಲಿ ಸೂತಕವೆಂದೇ ಲೆಕ್ಕ!

ಇಂಥವರ ಕೈಗೆ ಹೋದ ತಿಂಗಳು ನನ್ನ ಕಾಲಬೆರಳು ಸಿಕ್ಕಿತು.

ಶಾಲೆಯ ಹೊಸ್ತಿಲಿಗೆ ಎಡವಿದ್ದೆ. ಕಾಲುಂಗುರವಿದ್ದ ಬೆರಳು ಎರಡು ದಿನದಲ್ಲಿ ಬಾತು ಎಳೆ ಬದನೆಕಾಯಿಯ ಆಕಾರಕ್ಕೂ ಬಣ್ಣಕ್ಕೂ ಬಂತು. ನನಗೆ ಎಂಟು ವರ್ಷದಿಂದ ಶುಗರ್ ಇದೆ. ಹಾಗಾಗಿ ಬೆರಳು ನೋಡಿದ ಡಾಕ್ಟರು ನಗಲಿಲ್ಲ.

"ಇವತ್ತ ಸಂಜಿ ಒಳಗ ಉಂಗ್ರ ತೆಗಸ್ರಿ. ರಕ್ತ ಓಡ್ಯಾಡಾಕ ಹಾದಿ ಇಲ್ಲ. ಹಂಗ ಬಿಟ್ರ ನಾಳೆ ಬೆರಳ ತೆಗೀಬೇಕಾಕೈತಿ."

"ನೀವ ಕತ್ತರಿಸಿಬಿಡ್ರಿ," ಎಂದೆ.

"ನನ್ನ ಕತ್ತರಿ ಬ್ಯಾಂಡೇಜ್ ಬಟ್ಟೀದು. ಪತ್ತಾರರ ಕಡೆ ಹೋಗ್ರಿ."

ಸೀರೆಯ ಅಂಚಿಗೆ ಸಿಕ್ಕುತ್ತದೆಂದು ಹಿಂದೊಮ್ಮೆ ಆ ಉಂಗುರದ ಬಾಯಿ ಬೆಸೆಸಿದ್ದೆ. ಎಣ್ಣೆ, ಸಾಬೂನು, ದಾರ ಯಾವುದಕ್ಕೂ ಅದು ಜಗ್ಗಲಿಲ್ಲ. ಬೆಸೆದ ಅಕ್ಕಸಾಲಿ ಪತ್ತಾರರು ಮದುವೆಗೆಂದು ಹಿರೇಕೆರೂರಿಗೆ ಹೋಗಿದ್ದರು. ಬಂಕಾಪುರಕ್ಕೆ ಫೋನು ಮಾಡಿದೆ.

"ಮಾಮಾ, ಕಾಲುಂಗ್ರ ಕತ್ತರಿಸಬೇಕಾಗೇತ್ರಿ."

"ಎಷ್ಟು ದಪ್ಪ ಐತಿ?"

"ಭಾಳ ಬಾತೈತ್ರಿ."

"ಬೆರಳಲ್ಲ, ಉಂಗ್ರ."

ಅಳತೆ ಹೇಳಿದೆ. ಯಾಕೆ ಕತ್ತರಿಸಬೇಕು ಎಂದರು. ಶುಗರು, ಡಾಕ್ಟರು, ಬೆರಳು ಎಂದು ಎಲ್ಲ ಹೇಳಿದೆ. ನನ್ನ ಮಾತು ಮುಗಿಯುವ ಮೊದಲೇ ಫೋನು ಇಟ್ಟರು. ಮುಂದಿನ ಬಸ್ಸಿಗೇ ಎರಡು ಚೀಲದ ತುಂಬ ಹತಿಯಾರ ಹೊತ್ತು ಬಂದರು.

ಪಡಸಾಲೆಯಲ್ಲಿ ಜಮಖಾನೆ ಹಾಸಿ ಎಲ್ಲವನ್ನೂ ಸಾಲಾಗಿ ಇಟ್ಟರು. ಅದರಲ್ಲಿ ಮೊಳಕ್ಕಿಂತ ಉದ್ದದ, ಕಬ್ಬಿಣದ ಸರಳು ಕತ್ತರಿಸುವ ಕಟರ್ ಕೂಡ ಇತ್ತು. ನಮ್ಮ ಮನೆಯವರು ಗಾಬರಿಯಾದರು.

"ಇದು ಎದಕ್ರಿ ಮಾಮಾ?"

"ಇದರಲೇನೂ ಕೆಲಸಿಲ್ಲ ಅಳಿಯಾರ. ಎಲ್ಲಾವೂ ಹೊಂಟಿದ್ವು, ಇದೊಂದನ್ನ ಯಾಕ ಬಿಟ್ಟು ಬರ್ಲಿ ಅಂತ ತಂದೆ."

ಗಂಡನ ತಾಯಿಯಾದ ನನ್ನ ಅತ್ತೆ ಕಂಬಕ್ಕೊರಗಿ ಕುಳಿತು ತಮ್ಮ ತಕರಾರು ಹೂಡಿದರು. "ಬೀಗರ, ಗಂಡ ಕಣ್ಣಮುಂದ ಗಟ್ಟಿಮುಟ್ಟಾಗಿ ನಿಂತಾನ. ಕಾಲುಂಗ್ರ ಕತ್ತರಸ್ತಾರೇನು?"

"ನನಗೇನೂ ಅದರಾಗ ನಂಬಿಕಿಲ್ಲ," ಎಂದರು ನಮ್ಮ ಮನೆಯವರು. ಆಮೇಲೆ ಸ್ವಲ್ಪ ತಡೆದು, "ಆದ್ರೂ ಬ್ಯಾರೆ ಹಾದಿ ಇದ್ರ ಒಮ್ಮೆ ನೋಡ್ರಿ," ಎಂದರು.

ಕೊನೆಗೆ ಅತ್ತೆಯೇ ಪಕ್ಕದ ಬೆರಳಿಗೆ ಅರಿಷಿಣದ ದಾರ ಕಟ್ಟಿ ಮಗನ ಆಯುಷ್ಯಕ್ಕೆ ಬಂದೋಬಸ್ತು ಮಾಡಿದರು. ಮಾಮಾ ನನ್ನ ಕಾಲನ್ನು ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡರು. ಹಿರಿಯರ ತೊಡೆಯ ಮೇಲೆ ನನ್ನ ಕಾಲು! ಸರಕ್ಕನೆ ಎಳೆದುಕೊಂಡೆ.

"ಕಾಲು ಮುಟ್ಟಬ್ಯಾಡ್ರಿ ಮಾಮಾ. ಪಾಪ ಹತ್ತತೈತಿ ನನಗ."

"ಹಂಗಾರ ಕಾಲು ನೀ ಇಟ್ಕೊ. ಬೆರಳಷ್ಟ ಈ ಕಡೆ ಕೊಡು."

ಶುರುವಾಯಿತು ನೋಡಿ ಆಯ್ಕೆ! ಮನೆಗೆಲಸದ ಸಾದಾ ಪಕ್ಕಡ ಹಿಡಿದು ನೋಡಿ, "ಇದರ ತುಟಿ ದಪ್ಪ, ಉಂಗ್ರದ ಕೆಳಗ ಹೋಗೂದಿಲ್ಲ," ಎಂದರು. ಕೇಬಲ್ ಕಟರನ್ನು "ಇದಕ್ಕ ತಬ್ಬಿಕೊಳ್ಳೂ ಚಟ. ಬೆರಳನ್ನೂ ತಬ್ಬತೈತಿ," ಎಂದು ಕೆಳಗಿಟ್ಟರು. ಗರಗಸ ಕಾಯುತ್ತದೆ, ಚರ್ಮ ಸುಡುತ್ತದೆ. ತಗಡುಕತ್ತರಿ ಚಪ್ಪಟೆಯದಕ್ಕೆ ಸರಿ, ದುಂಡಗಿನದಕ್ಕೆ ಜಾರುತ್ತದೆ. ಆದರೆ ಅದಕ್ಕೂ ಒಂದು ಕೆಲಸ ಸಿಕ್ಕಿತು. ನನ್ನ ಪೌಡರ್ ಡಬ್ಬಿಯನ್ನು ಖಾಲಿ ಮಾಡಿ, ಅದರ ತಗಡಿನಿಂದ ಗೋಧಿಹುಲ್ಲಿನಷ್ಟು ಸಣ್ಣ ಪಟ್ಟಿ ಕತ್ತರಿಸಿ, ಅಂಚು ಮಡಿಚಿ, ಉಜ್ಜಿ, ಉಂಗುರಕ್ಕೂ ಚರ್ಮಕ್ಕೂ ನಡುವೆ ತೂರಿಸಿದರು. ಹತಿಯಾರದ ಹಲ್ಲು ಬೆರಳಿಗೆ ತಾಗದಿರಲಿ ಎಂದು. ಅದೊಂದಕ್ಕೇ ಮುಕ್ಕಾಲು ತಾಸು ಹಿಡಿಯಿತು.

ಕಡೆಗೆ ಮೋಟರಿನ ಸುರುಳಿಯ ತಂತಿ ಕತ್ತರಿಸುವ, ಕೊಕ್ಕಿನಂಥ ಬಾಯಿಯ ಪುಟ್ಟ ಪಕ್ಕಡ ಆಯ್ಕೆಯಾಯಿತು. ನಿಟ್ಟುಸಿರು ಬಿಟ್ಟೆ. ಬಿಡಬಾರದಿತ್ತು.

"ಇದು ತಾಮ್ರ ಬಲ್ಲದು. ಬೆಳ್ಳಿ ಬಲ್ಲದೇನು, ನೋಡಬೇಕು," ಎಂದ ಮಾಮಾ ಅತ್ತೆಯ ಕಡೆ ತಿರುಗಿದರು. "ಅಕ್ಕಾರ, ಒಂದು ತುಂಡು ಬೆಳ್ಳಿ ಸಿಕ್ಕೀತೇನ್ರಿ?"

ಅತ್ತೆ ಎರಡೂ ಕಾಲನ್ನು ಸೀರೆಯೊಳಗೆ ಎಳೆದುಕೊಂಡರು. "ನನ್ನ ಮೈಮ್ಯಾಲಿಂದು ಯಾವುದೂ ಸ್ಯಾಂಪಲ್ ಅಲ್ಲ ಬೀಗರ."

ಮಾಮಾನ ದೃಷ್ಟಿ ನಿಧಾನವಾಗಿ ನಮ್ಮ ಮನೆಯವರ ಸೊಂಟಕ್ಕೆ ಬಂತು. ಅಲ್ಲಿ ಲುಂಗಿಯನ್ನು ಹಿಡಿದಿಟ್ಟಿದ್ದ ಬೆಳ್ಳಿಯ ಉಡದಾರವಿತ್ತು. ಒಂದೇ ಏಟಿಗೆ, ಬಾಳೆದಿಂಡು ಕಡಿದ ಹಾಗೆ, ಅದರ ಕೊಂಡಿ ತುಂಡಾಯಿತು. ಮಾಮಾ ತುದಿಯನ್ನು ಬೆಳಕಿಗೆ ಹಿಡಿದು ಮೆಚ್ಚಿದರು. ನಮ್ಮ ಮನೆಯವರು ಅಲ್ಲಿಂದ ಮುಂದೆ ಒಂದು ಕೈಯಿಂದ ಲುಂಗಿ ಹಿಡಿದುಕೊಂಡೇ ನಿಂತಿದ್ದರು.

ಇನ್ನು ಕತ್ತರಿಸುತ್ತಾರೆ ಎಂದುಕೊಂಡೆವು. ಮಾಮಾ ಪಕ್ಕಡವನ್ನು ಒರೆಸಿದರು. ಉಂಗುರಕ್ಕೆ ಹಚ್ಚಿದರು. ತೆಗೆದರು. ಮತ್ತೆ ಒರೆಸಿದರು. ಬೇಡವೆಂದು ಬಿಟ್ಟಿದ್ದ ಪಕ್ಕಡಗಳನ್ನು ಮತ್ತೊಮ್ಮೆ ಒಂದೊಂದಾಗಿ ಎತ್ತಿ ನೋಡಿದರು. ಬಿಸಿಲು ಗೋಡೆ ಹತ್ತಿತು. ಬೆರಳು ಬದನೆಯಿಂದ ನೇರಳೆಯ ಕಡೆಗೆ ಹೊರಟಿತ್ತು. ನನ್ನ ಹೆದರಿಕೆ ಆಗಲೇ ಆಸ್ಪತ್ರೆ ಮುಗಿಸಿ, ಬೆರಳಿಲ್ಲದ ಕಾಲಿಗೆ ಎಂಥ ಚಪ್ಪಲಿ ಎಂಬಲ್ಲಿಗೆ ಬಂದಿತ್ತು.

"ಮಾಮಾ, ಸಂಜಿ ಆತ್ರಿ. ನೀವು ಪಕ್ಕಡ ಆರಿಸೂದರಾಗ ನನ್ನ ಬೆರಳು ಹೋಕೈತಿ," ಎಂದೆ.

ಮಾಮಾ ಪುಟ್ಟ ಪಕ್ಕಡವನ್ನೇ ಎತ್ತಿಕೊಂಡರು. ಉಸಿರು ಹಿಡಿದರು. ಕಟ್.

ಉಂಗುರ ತುಂಡಾಯಿತು. ಎರಡು ಪಕ್ಕಡಗಳಿಂದ ಬಾಯಿ ಅಗಲಿಸಿ ಹೊರಗೆಳೆಯುವಾಗ ಅದರ ಚೂಪು ತುದಿ ಬಾತ ಬೆರಳನ್ನು ಗೀರಿತು.

"ಯವ್ವಾ, ಸತ್ತೆ," ಎಂದು ಚೀರಿದೆ. ಒಂದು ಹನಿ ರಕ್ತ ಮಾಮಾನ ಧೋತರದ ಮೇಲೆ ಬಿತ್ತು.

ಮಾಮಾ ತಲೆಯೆತ್ತಿ ನನ್ನ ಮುಖ ನೋಡಿದರು. "ನೋವಾತೇನು?" ಎಂದರು.

"ನೋವಾಗದ ಇರತೈತೇನ್ರಿ? ಜೀವ ಹೋತು."

ಪಕ್ಕಡವನ್ನು ಒರೆಸದೆ, ಎಲ್ಲಿಟ್ಟೆನೆಂದು ನೋಡದೆ ಕೆಳಗೆ ಬಿಟ್ಟರು. ಬೆರಳಿನ ತುದಿಯನ್ನು ಉಗುರಿನಿಂದ ಒತ್ತಿದರು. "ಇಲ್ಲಿ?"

"ನೋವು."

"ಈ ಕಡೆ?"

"ಅಯ್ಯ ಮಾಮಾ, ಎಲ್ಲಾ ಕಡೆ ನೋವು. ಬಿಡ್ರಿ."

ಬಿಡಲಿಲ್ಲ. ಎರಡೂ ಕೈಯಿಂದ ನನ್ನ ಪಾದವನ್ನು ಹಿಡಿದುಕೊಂಡು ಕುಳಿತರು. ಮಸಿಬಟ್ಟೆಯಿಂದ ಕಣ್ಣು ಒರೆಸಿಕೊಂಡರು. ಕೆನ್ನೆಯ ತುಂಬ ಗ್ರೀಸು ಮೆತ್ತಿತು.

"ನಿಮ್ಮವ್ವಗ ನೋವು ಆಗಿದ್ದಿಲ್ಲವ್ವಾ," ಎಂದರು. "ಚಪ್ಪಲಿ ಮೊಳಿ ಮೂರು ದಿನ ಕಾಲಾಗ ಇತ್ತು. ನಾನ ಕಿತ್ತೆ. ಆಕಿ ನನ್ನ ಮುಖಾ ನೋಡಿ ನಕ್ಕೊಂತ ಕುಂತಿದ್ಲು. ಹುಂ ಸೈತ ಅನ್ಲಿಲ್ಲ. ನಾನು ಎಷ್ಟು ಹಗುರ ಕಿತ್ತೆ ಅಂತ ಹಿಗ್ಗಿದ್ದೆ."

ಮೊದಲು ಶುಗರಿನಿಂದ ಮರಗಟ್ಟಿದ್ದ ಅವ್ವನ ಪಾದ, ಆಮೇಲೆ ಮೊಣಕಾಲು, ಆಮೇಲೆ ಅವ್ವ, ಇದೆಲ್ಲ ಆರು ತಿಂಗಳಲ್ಲಿ ಮುಗಿದದ್ದು ನನಗೆ ಗೊತ್ತಿತ್ತು. ಮೊಳೆ ಕಿತ್ತವರು ಯಾರೆಂದು ಗೊತ್ತಿರಲಿಲ್ಲ.

ಮಾಮಾ ಮತ್ತೊಮ್ಮೆ ಉಗುರಿನಿಂದ, ಬಹಳ ಮೆಲ್ಲಗೆ, ಬೆರಳನ್ನು ಒತ್ತಿದರು.

"ಎಲ್ಲಿ, ಇನ್ನೊಮ್ಮೆ ಅನ್ನು."

ಈ ಸಲ ಅಷ್ಟೇನೂ ನೋವಿರಲಿಲ್ಲ. ಆದರೂ ಓಣಿಗೆಲ್ಲ ಕೇಳುವ ಹಾಗೆ ಚೀರಿದೆ.