ಓಕೆ ಇಲ್ಲದ ಒಂದು ದಿನ

"ರೀ, ಭಾನುವಾರ ಅತ್ತಿಗುಪ್ಪೆಗೆ ಹೋಗೋಣ್ವಾ? ಅಣ್ಣ ಕಾಶಿ ಟೂರಿನ ಫೋಟೊ ಎಲ್ಲಾ ಟೀವಿಗೆ ಹಾಕಿ ತೋರಿಸ್ತಾನಂತೆ. ಎಂಟುನೂರು ಇವೆಯಂತೆ," ಎಂದಳು ಅನಂತಲಕ್ಷ್ಮಿ.

ಪೇಪರಿನಿಂದ ಕಣ್ಣೆತ್ತದೆ ನಾಣಿ "ಓಕೆ" ಎಂದುಬಿಟ್ಟ. ಎಂಟುನೂರು ಎಂಬುದು ತಲೆಗೆ ಹೋದದ್ದು ಎರಡು ಗುಟುಕು ಕಾಫಿ ಇಳಿದ ಮೇಲೆ.

"ಲೇ, ಓಕೆ ಅಂದ್ರೆ ಮಾತು ಕೊಟ್ಟ ಹಾಗಲ್ಲ ಕಣೇ! ಅದು ಹುಟ್ಟಿದ್ದೇ ತಮಾಷೆಗೆ. ನೂರೆಂಬತ್ತು ವರ್ಷದ ಹಿಂದೆ ಅಮೆರಿಕದ ಪೇಪರಿನವರು 'ಆಲ್ ಕರೆಕ್ಟ್' ಅನ್ನೋದನ್ನ ಬೇಕಂತಲೇ ಎ, ಸಿ ಬದಲು ಓ, ಕೆ ಹಾಕಿ ತಪ್ಪು ಸ್ಪೆಲ್ಲಿಂಗಲ್ಲಿ ಬರೆದು, ಮೊದಲಕ್ಷರ ಎರಡನ್ನ ಇಟ್ಕೊಂಡ್ರು. ಅದಕ್ಕೇನು ಬೆಲೆ?" ರಿಟೈರಾದ ಇಂಗ್ಲಿಷ್ ಮೇಷ್ಟ್ರಿಗೆ ಪಾಠ ತಾನಾಗಿಯೇ ಬರುತ್ತದೆ.

"ಬೆಲೆ ಇಲ್ಲದ್ದನ್ನ ದಿನಕ್ಕೆ ನೂರು ಸಲ ಯಾಕೆ ಹೇಳ್ತೀರಿ?"

"ಇವತ್ತು ಸಂಜೆ ಏಳರವರೆಗೆ ಒಂದು ಸಲಾನೂ ಹೇಳಲ್ಲ. ಗೆದ್ರೆ ಅತ್ತಿಗುಪ್ಪೆ ಕ್ಯಾನ್ಸಲ್!"

"'ಸರಿ', 'ಹೂಂ' ಅಂತ ಜಾರ್ಕೊಳ್ಳೋದೂ ಇಲ್ಲ. ಪೂರ್ತಿ ಮಾತಾಡ್ಬೇಕು."

"ಹಾಗಾದ್ರೆ ಪಂಥ?"

"ಓಕೆ," ಎಂದು ಅವಳು ಕುರ್ಚಿ ತಂದು ವರಾಂಡದಲ್ಲಿ ಕಾವಲು ಕೂತಳು.

ಮೊದಲು ಬಂದವನು ಬಡಾವಣೆಯ ಸಂಘದ ಅಧ್ಯಕ್ಷ ಕಾಂತರಾಜು. "ಮೇಷ್ಟ್ರೇ, ಈ ಸಲನಾದ್ರೂ ಸೆಕ್ರೆಟರಿ ಆಗಿ." ಆರು ವರ್ಷದಿಂದ ನಾಣಿ ಇದಕ್ಕೆ "ಓಕೆ ಓಕೆ" ಎನ್ನುತ್ತಿದ್ದ, ಅದು ಆಗದ ಮಾತೆಂದು ಇಬ್ಬರಿಗೂ ಗೊತ್ತಿತ್ತು. ಆದರೆ ಬಾಯಿಬಿಟ್ಟು ಇಲ್ಲವೆನ್ನುವುದು ಅವನ ಜಾಯಮಾನದಲ್ಲೇ ಇರಲಿಲ್ಲ.

"ಖಂಡಿತ ಆಗ್ತೀನಿ, ಕಾಂತರಾಜು."

ಕಾಂತರಾಜುವಿನ ಕಣ್ಣು ತುಂಬಿ ಬಂತು. ಅರ್ಧ ಗಂಟೆಯಲ್ಲಿ ಚರಂಡಿ ದೂರುಗಳ ನಾಲ್ಕು ಫೈಲು ಮನೆ ಸೇರಿದವು.

ಆಮೇಲೆ ಪಕ್ಕದ ಮನೆಯ ಶುಭಾ. "ಅಂಕಲ್, ನಾಲ್ಕು ದಿನ ಊರಿಗೆ ಹೋಗ್ತಿದೀವಿ. ನಮ್ಮ ಟಾಮಿನ ನೋಡ್ಕೊಳ್ತೀರಾ?"

"ಸಂತೋಷವಾಗಿ ನೋಡ್ಕೊಳ್ತೀನಮ್ಮ."

ಮಾತು ಮುಗಿಯುವ ಮುಂಚೆ ಚೈನು ಕೈಯಲ್ಲಿತ್ತು. ಟಾಮಿ ಒಳಗೆ ಬಂದವನೇ ನಾಣಿಯ ಹೊಸ ಚಪ್ಪಲಿಯನ್ನು ಅಗಿಯತೊಡಗಿದ.

ಹೂವಿನ ಮುನಿಲಕ್ಷ್ಮಮ್ಮ ಬಂದು, "ಸಾಮಿ, ನಮ್ಮ ಅನುಗೆ ವಸಿ ಇಂಗ್ಲಿಷ್ ಹೇಳ್ಕೊಡ್ತೀರಾ?" ಎಂದಳು. ನಾಣಿ ಹೆಂಡತಿಯ ಕಡೆ ಒಮ್ಮೆ ದೀನವಾಗಿ ನೋಡಿ, "ಇವತ್ತಿಂದಾನೇ ಹೇಳ್ಕೊಡ್ತೀನಮ್ಮ" ಎಂದ. ಐದಕ್ಕೆ ಅನು ಬಂದಳು. ಜೊತೆಗೆ ಬೀದಿಯ ಏಳು ಮಕ್ಕಳೂ ಬಂದರು.

ಅಂತೂ ಗಡಿಯಾರ ಏಳು ಹೊಡೆಯಿತು. ಹರಿದ ಚಪ್ಪಲಿಯಲ್ಲೇ ನಾಣಿ ಕುಣಿದ. "ಗೆದ್ದೆ! ಭಾನುವಾರ ನಾನು ಮನೇಲೇ!"

"ಯಾರು ಹೇಳಿದ್ದು?" ಎಂದಳು ಅನಂತಲಕ್ಷ್ಮಿ.

"ನೀನೇ ಪಂಥಕ್ಕೆ ಒಪ್ಪಿದ್ಯಲ್ಲೇ!"

"ನಾನು ಓಕೆ ಅಂದೆ ಅಷ್ಟೆ. ಅದು ಮಾತು ಕೊಟ್ಟ ಹಾಗಲ್ಲ ಅಂತ ನೀವೇ ತಾನೆ ಪಾಠ ಮಾಡಿದ್ದು? ಬೆಳಿಗ್ಗೆ ಎಂಟಕ್ಕೇ ಹೊರಡೋಣ. ಟಾಮಿನೂ ಕರ್ಕೊಂಡು ಬನ್ನಿ, ಅಣ್ಣನಿಗೆ ನಾಯಿ ಅಂದ್ರೆ ಪ್ರಾಣ."

ನಾಣಿ ಫೈಲುಗಳನ್ನು ನೋಡಿದ, ಟಾಮಿಯನ್ನು ನೋಡಿದ, ಕೊನೆಗೆ ಹೆಂಡತಿಯನ್ನು ನೋಡಿದ.

"ಓಕೆ," ಎಂದ.