ಸ್ಟೀಲಿಗಿ ನಮ್ಮ ಮಷೀನ್ ನಡೆಯಂಗಿಲ್ರಿ

ನನ್ನ ಬದುಕಿನ ದೊಡ್ಡ ಖರೀದಿಗಳೆಲ್ಲ ಸಿಟ್ಟಿನಲ್ಲಿ ಆದವು ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕೆಲವರು ಅಗತ್ಯ ನೋಡಿ ಕೊಳ್ಳುತ್ತಾರೆ, ಕೆಲವರು ಆಸೆಗೆ ಕೊಳ್ಳುತ್ತಾರೆ. ನಾನು ಯಾರ ಮೇಲಾದರೂ ಹಲ್ಲು ಕಡಿಯುತ್ತ ಕೊಳ್ಳುತ್ತೇನೆ. ಕ್ಷೌರದಂಗಡಿಯವನು ನನ್ನನ್ನು ಕಾಯಲು ಕೂರಿಸಿ ಆಮೇಲೆ ಬಂದವನ ಗಡ್ಡ ಮೊದಲು ಹೆರೆದ ಎಂಬ ಸಿಟ್ಟಿಗೆ ಕೂದಲು ಕತ್ತರಿಸುವ ಯಂತ್ರ ತಂದೆ. ಅದರ ಫಲವಾಗಿ ನಾನು ದಿನವೂ ಬಸ್ಸಿನಲ್ಲಿ ಹೋಗುವ ಹುಮನಾಬಾದಿನ ಹೈಸ್ಕೂಲಿನಲ್ಲಿ ಒಂದು ತಿಂಗಳು ಮಂಕಿಟೋಪಿ ಹಾಕಿಕೊಂಡೇ ಮಕ್ಕಳಿಗೆ ಡ್ರಾಯಿಂಗ್ ಕಲಿಸಿದೆ. ಮನೆಗೆ ಮಿಗ್ ವೆಲ್ಡಿಂಗ್ ಯಂತ್ರ ಬಂದದ್ದೂ ಹೀಗೆಯೇ. ಬಸವಕಲ್ಯಾಣದ ನಮ್ಮ ಮನೆಯ ಗೇಟಿನ ಕೀಲು ಮುರಿದಿತ್ತು. ವೆಲ್ಡಿಂಗಿನವನೊಬ್ಬ "ನಾಳಿ ಬರ್ತೀನ್ರಿ ಸರ್" ಎಂದ. ಅವನ ನಾಳೆ ಎರಡು ತಿಂಗಳು ನಡೆಯಿತು. ಕೊನೆಗೊಂದು ದಿನ ಯಾರದೋ ಎಮ್ಮೆ ಒಳಗೆ ನುಗ್ಗಿ, ನನ್ನ ಹೆಂಡತಿ ಮಹಾದೇವಿ ಒಣಹಾಕಿದ್ದ ಸಂಡಿಗೆ ತಿಂದು, ಹೋಗುವಾಗ ಗೇಟನ್ನೂ ಕೆಡವಿ ಹೋಯಿತು. ಅವತ್ತೇ ಸಂಜೆ ನಾನು ಯಂತ್ರವನ್ನು ಹೊತ್ತು ತಂದೆ.

ಮಿಗ್ ಎನ್ನುವುದು ಸಿಟ್ಟಿನವರಿಗೆ ಹೇಳಿ ಮಾಡಿಸಿದ ಯಂತ್ರ. ಪಿಸ್ತೂಲಿನಂಥದ್ದೊಂದು ಕೈಯಲ್ಲಿರುತ್ತದೆ. ಒತ್ತಿದರೆ ಸಾಕು, ತಂತಿ ತಾನಾಗಿಯೇ ಸರಸರನೆ ಹೊರಬಂದು ಕರಗಿ, ಕಬ್ಬಿಣಕ್ಕೆ ಕಬ್ಬಿಣ ಕಚ್ಚಿಕೊಳ್ಳುತ್ತದೆ. ಒಂದೇ ಭಾನುವಾರದಲ್ಲಿ ಗೇಟು ಎದ್ದು ನಿಂತಿತು. ಬೆಸುಗೆ ಗಂಟುಗಂಟಾಗಿತ್ತು, ನಿಜ; ಆದರೆ ಎಮ್ಮೆ ತಡೆಯಲು ಅಂದ ಚೆಂದ ಬೇಕಿಲ್ಲ. ನಾನು ಮಾಡಿದ ತಪ್ಪೆಂದರೆ ಬೀದಿಯ ಕಡೆ ನಿಂತು ಬೆಸೆದದ್ದು. ಓಣಿ ನೋಡಿಬಿಟ್ಟಿತು.

ಮರುವಾರವೇ ಎದುರುಮನೆಯ ನೀಲಮ್ಮ ಕಾಕು ಕಾಲು ಮುರಿದ ಕಬ್ಬಿಣದ ಹೊರಸು ಎಳೆದುಕೊಂಡು ಬಂದರು. "ಒಂದ್ ಟಾಕಾ ಹೊಡದ ಕೂಡ್ಸಿ ಕೊಡ್ರಿ ಸರ್. ನಿಮಗೇನ, ಐದ ಮಿನಿಟಿಂದ ಕೆಲಸ." ಈ ಐದು ಮಿನಿಟು ಎಂಬ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ತುಕ್ಕು ಉಜ್ಜುವವನು ನಾನು, ಕಿಡಿ ಹಾರಿ ಅಂಗಿ ತೂತಾಗುವುದು ನನ್ನದು, ಮಿನಿಟು ಎಣಿಸುವವರು ಮಾತ್ರ ಅವರು! ಹೊರಸಿನ ಹಿಂದೆ ಸೈಕಲ್ ಸ್ಟ್ಯಾಂಡು ಬಂತು, ಕೂಲರಿನ ಕಾಲು ಬಂತು, ಕಿಟಕಿಯ ಸರಳು ಬಂತು. ಬೇಮಳಖೇಡದಿಂದ ಓಣಿಯ ಯಾರದೋ ಬೀಗರು ಎಮ್ಮೆ ಕಟ್ಟುವ ಗೂಟವನ್ನು ಬಸ್ಸಿನಲ್ಲಿ ಹಾಕಿಕೊಂಡು ಬಂದರು. ಎಮ್ಮೆ ಎಂದರೆ ನನಗೆ ಆಗದಿದ್ದರೂ ಬೆಸೆದುಕೊಟ್ಟೆ. ಯಾರೂ ಚಹಾ ಕುಡಿಸಲಿಲ್ಲ. ಮಹಾದೇವಿಯೇ ಮಾಡಿ ಅವರಿಗೆ ಕುಡಿಸುತ್ತಿದ್ದಳು.

ಇಂಥ ಅನ್ಯಾಯದ ನಡುವೆ ನನ್ನನ್ನು ಕಾಯುತ್ತಿದ್ದದ್ದು ಒಂದೇ ಒಂದು ವಾಕ್ಯ. ಯಾರಾದರೂ ತಪೇಲಿ, ಬೋಗುಣಿ, ಡಬ್ಬಿ ಹಿಡಿದು ಬಂದರೆ ನಾನು ತಲೆ ಅಲ್ಲಾಡಿಸಿ "ಸ್ಟೀಲಿಗಿ ನಮ್ಮ ಮಷೀನ್ ನಡೆಯಂಗಿಲ್ರಿ" ಎನ್ನುತ್ತಿದ್ದೆ. ಮಾತು ಸುಳ್ಳೂ ಆಗಿರಲಿಲ್ಲ. ತೆಳ್ಳನೆಯ ಸ್ಟೀಲಿಗೆ ಟಿಗ್ ಎಂಬ ಬೇರೆ ವಿದ್ಯೆಯೇ ಬೇಕು. ಊರಿನ ಕೋಟೆಗೆ ಎಷ್ಟು ಸುತ್ತು ಗೋಡೆಯಾದರೂ ಇರಲಿ, ನನ್ನ ಭಾನುವಾರಕ್ಕೆ ಇದ್ದದ್ದು ಇದೊಂದೇ ಗೋಡೆ. ಬಂದವರು ಪಾತ್ರೆ ತಿರುವಿ ನೋಡಿ, ನನ್ನನ್ನೂ ಅನುಮಾನದಿಂದ ನೋಡಿ, ಹೊರಟುಹೋಗುತ್ತಿದ್ದರು.

ಆ ಗೋಡೆಗೆ ಮೊದಲ ಪೆಟ್ಟು ಬಿದ್ದದ್ದು ಒಳಗಿನಿಂದ. ಮಹಾದೇವಿಗೆ ಮದುವೆಯಲ್ಲಿ ತವರಿನಿಂದ ಬಂದ ಸ್ಟೀಲಿನ ಕೊಡವೊಂದಿದೆ. ಅದರ ಕಂಠದ ಮೇಲೆ ಅವಳ ಅವ್ವನ ಹೆಸರನ್ನು ಚುಕ್ಕಿಚುಕ್ಕಿಯಾಗಿ ಕೊರೆದಿದ್ದಾರೆ. ಅವ್ವ ಈಗಿಲ್ಲ. ಆ ಕೊಡ ತಳದ ಹತ್ತಿರ ಹನಿಯತೊಡಗಿದಾಗ ಅವಳು ಅದನ್ನು ನನ್ನ ಮುಂದಿಟ್ಟು, "ಊರ ಮಂದೀದೆಲ್ಲ ಮಾಡ್ತೀರಿ, ಇದೊಂದ ನೋಡ್ರಿ" ಎಂದಳು. ಹೆಂಡತಿಯ ಮುಂದೆ ಆ ವಾಕ್ಯ ಹೇಳಲು ನನಗೆ ನಾಲಿಗೆ ಏಳಲಿಲ್ಲ. ಮಿಗ್ಗನ್ನೇ ಹಿಡಿದೆ. ಸೂಜಿಮೊನೆಯಷ್ಟಿದ್ದ ತೂತು ಹುಣಸೆಬೀಜದಷ್ಟಾಯಿತು. ಮುಚ್ಚಲು ಹೋದೆ, ಗೋಲಿಯಷ್ಟಾಯಿತು. ಅವಳು ಕೊಡವನ್ನು ತೊಳೆದು, ಒರೆಸಿ, ಅಡುಗೆಮನೆಯ ಅಟ್ಟದ ಮೇಲೆ ಬೋರಲಾಗಿ ಇಟ್ಟಳು. ಅದರ ಜಾಗಕ್ಕೆ ಹಸಿರು ಪ್ಲಾಸ್ಟಿಕ್ ಕೊಡ ಬಂತು. ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಬೈಯಲಿಲ್ಲವಲ್ಲ, ಅದು ನನ್ನನ್ನು ತಿಂದಿತು. ಆ ಹಸಿರು ಕೊಡದ ನೀರು ಕುಡಿಯುವಾಗೆಲ್ಲ ನನಗೆ ಅವಮಾನವಾಗುತ್ತಿತ್ತು.

ಈಗ ನನ್ನ ಸಂಕಟ ನಿಮಗೆ ಅರ್ಥವಾಗಿರಬೇಕು. ಟಿಗ್ ಕಲಿತರೆ ಕೊಡ ಉಳಿಯುತ್ತದೆ, ಗೋಡೆ ಬೀಳುತ್ತದೆ. ಇಡೀ ಓಣಿಯ ಅಡುಗೆಮನೆಗಳು ನನ್ನ ಅಂಗಳಕ್ಕೆ ಬರುತ್ತವೆ. ಒಂದು ಮನೆಯಲ್ಲಿ ಹೊರಸು ಎಷ್ಟಿರುತ್ತವೆ? ಎರಡೋ ಮೂರೋ. ಪಾತ್ರೆಗಳಿಗೆ ಲೆಕ್ಕವುಂಟೆ? ಮಿಗ್ಗಿನಲ್ಲೇ ಉಳಿದರೆ ಭಾನುವಾರ ನನ್ನದು, ಆದರೆ ಅಟ್ಟದ ಮೇಲಿನ ಕೊಡ ನನ್ನನ್ನೇ ನೋಡುತ್ತಿರುತ್ತದೆ. ಹದಿನೈದು ದಿನ ಹೊಯ್ದಾಡಿ ಕೊನೆಗೆ ನಡುದಾರಿಯೊಂದನ್ನು ಹುಡುಕಿದೆ. ಟಿಗ್ ಕಲಿಯುವುದು, ಯಾರಿಗೂ ಹೇಳದಿರುವುದು. ಕಲಿಯುವುದು ಹುಮನಾಬಾದಿನಲ್ಲಿ, ಅಲ್ಲಿ ಓಣಿಯ ಕಣ್ಣಿಲ್ಲ. ಮಹಾದೇವಿಗೆ ಮಾತ್ರ ಹೇಳಿ ಆಣೆ ಹಾಕಿಸಿಕೊಂಡೆ.

ಹುಮನಾಬಾದಿನ ಮಾಣಿಕನಗರದ ರಸ್ತೆಯಲ್ಲಿ ಖಾಜಾ ಉಸ್ತಾದರ ಅಂಗಡಿಯಿದೆ. ಹೋಟೆಲುಗಳಿಗೆ ಸ್ಟೀಲಿನ ಕಟ್ಟೆ, ನೀರಿನ ಟ್ಯಾಂಕು ಮಾಡಿಕೊಡುವ ಹಿರಿಯರು. ಶಾಲೆ ಬಿಟ್ಟ ಮೇಲೆ ದಿನವೂ ಅಲ್ಲಿಗೆ ಹೋಗತೊಡಗಿದೆ. ಮೊದಲ ದಿನವೇ ಎದೆ ತಟ್ಟಿಕೊಂಡು "ನಾನು ಡ್ರಾಯಿಂಗ್ ಮಾಸ್ತರ, ಗೆರೆ ಎಳೆಯೋದು ನನಗ ಕಲಿಸಬ್ಯಾಡ್ರಿ" ಎಂದೆ. ಅವರು ನಕ್ಕು, "ಬರ್ರಿ, ಗೆರಿ ಎಳೀರಿ" ಎಂದರು. ಟಿಗ್ಗಿನಲ್ಲಿ ಬಲಗೈಯಲ್ಲಿ ಬೆಂಕಿ, ಎಡಗೈಯಲ್ಲಿ ಕರಗಿಸುವ ಕಡ್ಡಿ, ಬಿಸಿ ಏರಿಸಿ ಇಳಿಸಲು ಕಾಲ ಕೆಳಗೊಂದು ಪೆಡಲು. ಬಲಗೈಯಲ್ಲಿನ ಲೋಹದ ಮೊನೆ ಬೆಸೆಯುವ ಜಾಗದ ಮೇಲೆ ಕೂದಲೆಳೆಯಷ್ಟು ಎತ್ತರದಲ್ಲಿ ತೇಲಬೇಕು, ತಾಗಬಾರದು. ತಾಗಿದರೆ ಮೊನೆ ಕೆಟ್ಟಿತು. ಎದ್ದು ಹೋಗಿ ಸಾಣೆ ಹಿಡಿ, ಮತ್ತೆ ಬಾ. ಮೊದಲ ವಾರ ನಾನು ಬೆಸೆದದ್ದಕ್ಕಿಂತ ಸಾಣೆ ಹಿಡಿದದ್ದೇ ಹೆಚ್ಚು. ಸಿಟ್ಟಿಗೆದ್ದು ಬೆಸುಗೆಯ ಮುಖಗವಸನ್ನು ಕಿತ್ತು ಇಟ್ಟಾಗ ಉಸ್ತಾದರು ಸಮಾಧಾನವಾಗಿ ಹೇಳಿದರು: "ನಿಮ್ಮ ಕೈ ಚಲೋ ಅದರಿ ಸರ್, ತಲಿನೇ ಗರಂ ಅದ. ಯಾರ ಮ್ಯಾಲ ಸಿಟ್ಟ ಮಾಡಾಕತ್ತೀರಿ? ಲೋಖಂಡ, ಈ ಕಬ್ಬಣ, ಏನ್ ಮಾಡ್ಯಾದ?"

ಡ್ರಾಯಿಂಗ್ ಮಾಸ್ತರನಿಗೆ, ಅದೂ ಮೂವತ್ತು ಹುಡುಗರನ್ನು ಒಂದು ಕಣ್ಣಿನ ನೋಟದಲ್ಲಿ ಕೂರಿಸುವವನಿಗೆ, ಯಾರೂ ಹೀಗೆ ಹೇಳಿರಲಿಲ್ಲ. ಸಿಟ್ಟು ಬಂತು. ಆದರೆ ಕೊಡದ ನೆನಪು ಅದಕ್ಕಿಂತ ದೊಡ್ಡದಾಗಿತ್ತು. ಮತ್ತೆ ಕೂತೆ. ಎರಡು ತಿಂಗಳ ಮೇಲೆ ಒಂದು ಸಂಜೆ ಉಸ್ತಾದರು ನನ್ನ ಬೆಸುಗೆಯ ಮೇಲೆ ಹೆಬ್ಬೆರಳು ಓಡಿಸಿ ಹೌದೆಂದು ತಲೆಯಾಡಿಸಿದರು. ಮರುದಿನ ಕೊಡವನ್ನು ಗೋಣಿಚೀಲದಲ್ಲಿ ಮುಚ್ಚಿಕೊಂಡು ಹೋದೆ. ನಾನು ಮಾಡಿದ ಗೋಲಿಯಂಥ ತೂತಿಗೆ ಒಂದು ಸ್ಟೀಲಿನ ಚೂರು ಕತ್ತರಿಸಿ ಕೂರಿಸಿ, ಉಸಿರು ಬಿಗಿಹಿಡಿದು ಸುತ್ತ ಬೆಸೆದೆ. ಉಜ್ಜಿದ ಮೇಲೆ ಜೋಡಿಸಿದ್ದು ಎಲ್ಲಿ ಎಂದು ನಾನೇ ಹುಡುಕಬೇಕಾಯಿತು. ಮನೆಯಲ್ಲಿ ಮಹಾದೇವಿ ನೀರು ತುಂಬಿ, ತಳದ ಸುತ್ತ ಕೈಯಾಡಿಸಿ, ಒಣ ಕೈ ನೋಡಿದಳು. ಆಮೇಲೆ ಕಂಠದ ಮೇಲಿನ ಹೆಸರನ್ನು ಸೆರಗಿನಿಂದ ಒರೆಸಿದಳು. ಹಸಿರು ಕೊಡ ಬಚ್ಚಲಿಗೆ ಹೋಯಿತು. ನನಗೆ ಅಷ್ಟು ಸಂತೋಷ ಯಾವ ಬಹುಮಾನದಿಂದಲೂ ಆಗಿರಲಿಲ್ಲ.

ಗುಟ್ಟು ಒಂದು ವಾರ ಉಳಿಯಿತು. ಭಾನುವಾರ ನೀಲಮ್ಮ ಕಾಕು ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದರು. ನಾನು ಪಕ್ಕದ ಕೋಣೆಯಲ್ಲಿ ಮಕ್ಕಳ ಚಿತ್ರಗಳಿಗೆ ಅಂಕ ಹಾಕುತ್ತಿದ್ದೆ.

"ಅಯ್ಯ, ಈ ಕೊಡ ಸೋರತಿತ್ತಲ್ಲೇನವಾ? ಎಷ್ಟ ಚಂದ ಕೂಡ್ಸ್ಯಾರ! ಎಲ್ಲಿ ಮಾಡ್ಸಿದಿ?"

"ಹೊರಗ ಮಾಡ್ಸೀವ್ರಿ ಕಾಕು," ಎಂದಳು ಮಹಾದೇವಿ. ಆಣೆ ನೆನಪಿತ್ತು.

"ಹೈದರಾಬಾದನ್ಯಾಗೇ ಮಾಡ್ಸಿರಬೇಕ ಬಿಡು. ಸರ್ ಕೈಯಾಗ ಇದೆಲ್ಲಿ ಆಗ್ತದ? ಅವರ ಟಾಕಾ ನಮ್ಮ ಹೊರಸಿನ ಮ್ಯಾಲ ನೋಡಾಕತ್ತೀವಲ್ಲ. ಕುಂತ್ರ ಚುಚ್ಚತದ!"

ಎರಡು ತಿಂಗಳು ಸಾಣೆ ಹಿಡಿದವನು ನಾನು! ಬಿಟ್ಟಿ ಬೆಸೆದ ಹೊರಸಿಗೆ ಇಂಥ ಮಾತು! ನಾನು ಬಾಗಿಲಿಗೆ ಯಾವಾಗ ಬಂದೆನೋ ತಿಳಿಯದು. "ಯಾವ ಹೈದರಾಬಾದ? ನಾ ಮಾಡೀನಿ! ಈ ಕೈಲೇ! ಟಿಗ್ ಅಂತಾರ ಇದಕ್ಕ!" ಎಂದು ಕೂಗಿ, ಕೊಡದ ನೀರು ಚೆಲ್ಲಿ, ತಳ ತಿರುವಿ ತೋರಿಸಿದೆ. ಕಾಕು ಬೆರಳು ಆಡಿಸಿದರು, ಮೂಗಿನ ಮೇಲೆ ಬೆರಳಿಟ್ಟರು, ಮಜ್ಜಿಗೆ ಮರೆತು ಮನೆಗೆ ಓಡಿದರು. ಮಹಾದೇವಿ ನೆಲ ಒರೆಸುತ್ತ, "ಆಣಿ ನನಗ ಹಾಕ್ಸಿದ್ರಿ. ನಿಮಗ ಯಾರ ಹಾಕ್ಸಬೇಕಿತ್ತ?" ಎಂದಳು.

ಕಾಕು ಎರಡು ತಪೇಲಿ ಹಿಡಿದು ಹಿಂತಿರುಗುವಷ್ಟರಲ್ಲಿ ನನಗೊಂದು ಉಪಾಯ ಹೊಳೆದಿತ್ತು. "ಟಿಗ್ ಮಷೀನ್ ಮನ್ಯಾಗಿಲ್ರಿ ಕಾಕು, ಅದು ಹುಮನಾಬಾದನ್ಯಾಗ ಅದ" ಎಂದೆ. "ದಿನಾ ಹೋಗ್ತೀರಲ್ರಿ ಸರ್, ಚೀಲದಾಗ ಒಯ್ರಿ. ಐದ ಮಿನಿಟ!" ಎಂದರು ಕಾಕು.

ಹೀಗಾಗಿ ನಾನೀಗ ದಿನವೂ ಬೆಳಿಗ್ಗೆ ಓಣಿಯ ಪಾತ್ರೆಗಳ ಚೀಲ ಹೊತ್ತು ಬಸ್ಸು ಹತ್ತುತ್ತೇನೆ. ಮೊನ್ನೆ ಹೊಸ ಕಂಡಕ್ಟರನೊಬ್ಬ ಸಪ್ಪಳ ಕೇಳಿ ಚೀಲ ನೋಡಿದ. "ಏನ್ರಿ ಯಜಮಾನ್ರ, ಹಳೇ ಅರಬಿಗಿ ಬಾಂಡೆ ಕೊಡ್ತೀರೇನು? ನಮ್ಮಾಕಿ ಸೀರಿ ಭಾಳ ಇಟ್ಟಾಳ." ನನ್ನನ್ನು ಹಳೆ ಬಟ್ಟೆಗೆ ಪಾತ್ರೆ ಕೊಡುವವನೆಂದುಕೊಂಡಿದ್ದ. ಹಿಂದಿನ ಸೀಟಿನವರು ನಕ್ಕರು. ಅವರಲ್ಲಿ ನನ್ನ ಶಾಲೆಯ ಮಕ್ಕಳೂ ಇದ್ದರು. ನಾನು ಕೆಂಡವಾಗಿ, ಹಿಂದಿನ ಸಂಜೆ ಬೆಸೆದು ಚೀಲದಲ್ಲೇ ಮರೆತಿದ್ದ ಒಂದು ತಪೇಲಿಯನ್ನು ಹೊರಗೆಳೆದು ಅವನ ಕೈಗೆ ತುರುಕಿದೆ. "ಮಾರಾಂವ ಅಲ್ರಿ ನಾ! ಇದರಾಗ ನಾ ಬೆಸದ ಜೋಡ ಎಲ್ಲಿ ಅದ ತೋರಸ್ರಿ ನೋಡೂಣು!"

ಅವನು ಟಿಕೆಟು ಕೊಡುವುದನ್ನು ಬಿಟ್ಟು, ತಪೇಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಎಲ್ಲ ಕಡೆ ತಿರುವಿ ನೋಡಿದ. ಸಿಗಲಿಲ್ಲ. ಗೌರವದಿಂದ ಮರಳಿಸಿ, ದನಿ ತಗ್ಗಿಸಿ, "ನಮ್ಮ ಮನ್ಯಾಗ ಒಂದ ಹಾಲಿನ ಕ್ಯಾನ್ ಸೋರಾಕತ್ತದರಿ ಸರ್..." ಎಂದ.

ಯಜಮಾನ ಹೋಗಿ ಸರ್ ಆಗಿದ್ದೆ. "ನಾಳಿ ಇದೇ ಬಸ್ಸಿಗಿ ನೀವೇ ಇರ್ತೀರೇನು?" ಎಂದು ಕೇಳಿದವನು, ದೇವರಾಣೆಗೂ, ನಾನೇ.